ಸಬಬು ಮತ್ತು ಸಬೂಬು: ಕಾಡಂಚಿನ ದಂಗೆಗಳನ್ನು ನಾವು ಓದಿದ ಬಗೆ

ಉರ್ದುವಿನಿಂದ ಕನ್ನಡಕ್ಕೆ ದಾಟಿ ಬರುವಾಗ ಕೆಲವು ಪದಗಳು ತಮ್ಮ ಚಹರೆಯನ್ನೇ ಬದಲಿಸಿಕೊಂಡುಬಿಡುತ್ತವೆ. 'ಸಬಬ್' ಎಂದರೆ ಅರಬಿ ಮತ್ತು ಉರ್ದುಗಳಲ್ಲಿ ಕಾರಣ. ಅದೇ ಪದ ನಮ್ಮ ಕನ್ನಡದ ಅಂಗಳಕ್ಕೆ ಬಂದು 'ಸಬೂಬು' ಆದಾಗ ಅದರ ಅರ್ಥ ನೆಪ. ಕೊಡಬೇಕಾದ ಹಣ ಕೊಡದವನು ಹೇಳುವುದು ಸಬೂಬು, ಕಚೇರಿಗೆ ತಡವಾಗಿ ಬಂದವನು ಹೇಳುವುದೂ ಸಬೂಬೇ. ಇನ್ನೂ ಸ್ವಾರಸ್ಯದ ಸಂಗತಿ 'ಸಬಬ್'ನ ಬಹುವಚನದ್ದು. 'ಅಸ್ಬಾಬ್' ಎಂದರೆ ಕಾರಣಗಳು ಎಂದೂ ಆಗುತ್ತದೆ; ಮನೆಯ ಸಾಮಾನು ಸರಂಜಾಮು, ಪಾತ್ರೆ-ಪಗಡ, ಗಂಟು-ಮೂಟೆ ಎಂದೂ ಆಗುತ್ತದೆ. ಕಾರಣ, ನೆಪ, ಸಾಮಾನು ಎಂಬ ಈ ಮೂರು ಅರ್ಥಗಳ ನಡುವೆ ಇರುವ ಸಂಬಂಧವನ್ನು ಹಿಡಿದುಕೊಂಡು ನಮ್ಮ ಭಾಗದ ದಂಗೆಗಳ ಬಗ್ಗೆ ಬಂದಿರುವ ಬರವಣಿಗೆಯನ್ನು ಒಮ್ಮೆ ತೂಗಿ ನೋಡಬೇಕೆನ್ನಿಸಿದೆ.

ಕಾರಣಗಳ ವಿಚಾರ ಎತ್ತಿದಾಗ ಉರ್ದು ಓದಿದವರಿಗೆ ಮೊದಲು ನೆನಪಾಗುವ ಪುಸ್ತಕ ಸರ್ ಸೈಯದ್ ಅಹ್ಮದ್ ಖಾನರ 'ಅಸ್ಬಾಬೆ ಬಗಾವತೆ ಹಿಂದ್'. 1857ರ ದಂಗೆ ಇನ್ನೂ ಪೂರ್ತಿ ಆರಿರದ 1858ರಲ್ಲಿ ಬರೆದು 1859ರಲ್ಲಿ ಅಚ್ಚು ಹಾಕಿಸಿದ ಪುಟ್ಟ ಪುಸ್ತಕವದು. ಐನೂರರಷ್ಟು ಪ್ರತಿ ಮಾತ್ರ. ಅದರಲ್ಲಿಯೂ ಹೆಚ್ಚಿನವು ವಿಲಾಯತಿನ ಪಾರ್ಲಿಮೆಂಟಿಗೆ ಹೋದವು. ಇಂಗ್ಲಿಷಿಗೆ ಅನುವಾದವಾದದ್ದು 1873ರಲ್ಲಿ. ಸರ್ ಸೈಯದರು ಕಂಪನಿಯ ನೌಕರರು, ದಂಗೆಯ ದಿನಗಳಲ್ಲಿ ಬಿಜನೋರಿನಲ್ಲಿ ಇಂಗ್ಲಿಷರ ಪ್ರಾಣ ಉಳಿಸಿದವರು. ಅವರ ರಾಜಭಕ್ತಿಯನ್ನು ಒಪ್ಪದವರು ಅಂದೂ ಇದ್ದರು, ಇಂದೂ ಇದ್ದಾರೆ. ಆದರೆ ಆ ಪುಸ್ತಕದಲ್ಲಿ ಅವರು ಮಾಡಿದ ಒಂದು ಕೆಲಸವನ್ನು ಮೆಚ್ಚಲೇಬೇಕು. ಊರಿಂದೂರಿಗೆ ಹಂಚಿದ ಚಪಾತಿ, ಇರಾನ್ ಮತ್ತು ರಷ್ಯಾಗಳ ಪಿತೂರಿ, ಅವಧ್ ರಾಜ್ಯವನ್ನು ಕಬಳಿಸಿದ್ದು ಎಂದು ಎಲ್ಲರ ಬಾಯಲ್ಲಿ ಓಡಾಡುತ್ತಿದ್ದ ಸಬೂಬುಗಳನ್ನು ಒಂದೊಂದಾಗಿ ಬದಿಗಿಟ್ಟು, ಶಾಸನ ಮಾಡುವ ಸಭೆಯಲ್ಲಿ ಈ ದೇಶದವನೊಬ್ಬನೂ ಇಲ್ಲದಿದ್ದದ್ದು, ಮಾಫಿ ಜಮೀನುಗಳನ್ನು ಕಿತ್ತುಕೊಂಡದ್ದು, ಪ್ರಜೆಯ ಸ್ಥಿತಿ ಆಳುವವನಿಗೆ ಗೊತ್ತೇ ಇಲ್ಲದಿದ್ದದ್ದು ಎಂದು ಸಬಬುಗಳನ್ನು ಎಣಿಸಿದರು. ಹೀಗೆ ಜರಡಿ ಹಿಡಿಯುವ ಕೆಲಸ ನಮ್ಮ ಕನ್ನಡ ಭಾಗದ ದಂಗೆಗಳ ವಿಷಯದಲ್ಲಿ ಬಹಳ ಕಡಿಮೆ ಆಗಿದೆ ಎಂಬುದೇ ನಮ್ಮ ತಕರಾರು.

ನಮ್ಮ ಭಾಗ ಎಂದರೆ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಅಂಚು. ಒಂದು ಕಡೆ ಬೆಳಗಾವಿ, ಇನ್ನೊಂದು ಕಡೆ ಧಾರವಾಡ, ಕಾಡು ದಾಟಿದರೆ ಗೋವೆ. ಮೂರು ಸರಕಾರಗಳ ಸರಹದ್ದು ಕೂಡುವ ಕಾಡು ಯಾವ ಕಾಲಕ್ಕೂ ಬಂಡು ಎದ್ದವರ ತವರುಮನೆ. ದಾಂಡೇಲಿ ಪ್ರತ್ಯೇಕ ತಾಲ್ಲೂಕಾದದ್ದು ಇತ್ತೀಚೆಗೆ. ಜೋಯಿಡಾ ಎಂಬ ತಾಲ್ಲೂಕಿಗೆ ಹಿಂದೆ ಸೂಪಾ ಎಂದು ಹೆಸರು. ಇಲ್ಲಿ ಮತ್ತು ಇದರ ನೆರೆಯಲ್ಲಿ 1800ರಿಂದ 1859ರವರೆಗಿನ ಅರವತ್ತು ವರ್ಷಗಳಲ್ಲಿ ಒಂದರ ಬೆನ್ನಿಗೊಂದು ದಂಗೆಗಳೆದ್ದವು. ಅವನ್ನು ಕ್ರಾಂತಿ ಎನ್ನಬೇಕೋ, ಬಂಡಾಯ ಎನ್ನಬೇಕೋ, ಬರೀ ದಂಗೆ ಎನ್ನಬೇಕೋ ಎಂಬ ಚರ್ಚೆ ಬೇರೆ. ಇಂಗ್ಲಿಷರ ಗೆಜೆಟಿಯರುಗಳು ಅವನ್ನೆಲ್ಲ ದರೋಡೆ ಎಂದವು. ನಮ್ಮ ಪಠ್ಯಪುಸ್ತಕಗಳು ಅವನ್ನೆಲ್ಲ ಸ್ವಾತಂತ್ರ್ಯ ಸಂಗ್ರಾಮ ಎಂದವು. ಎರಡೂ ಕಡೆ ಅರವತ್ತು ವರ್ಷಗಳಿಗೂ ಒಂದೇ ಕಾರಣ. ಒಬ್ಬರಿಗೆ ಲೂಟಿಯ ಆಸೆ, ಇನ್ನೊಬ್ಬರಿಗೆ ದೇಶಾಭಿಮಾನ. ಎಲ್ಲ ಜ್ವರಕ್ಕೂ ಒಂದೇ ಗುಳಿಗೆ ಕೊಡುವ ವೈದ್ಯರ ಹಾಗೆ.

ಮೊದಲನೆಯದು ಧೋಂಡಿಯಾ ವಾಘನದು. ಚನ್ನಗಿರಿಯಲ್ಲಿ ಹುಟ್ಟಿದ ಮರಾಠ ಸಿಪಾಯಿ. ಟೀಪುವಿನ ಕೈಗೆ ಸಿಕ್ಕು ಶ್ರೀರಂಗಪಟ್ಟಣದ ಸೆರೆಮನೆಯಲ್ಲಿದ್ದಾಗ ಇಸ್ಲಾಮಿಗೆ ಸೇರಿಸಲ್ಪಟ್ಟವನು. 1799ರ ಮೇ ತಿಂಗಳಲ್ಲಿ ಪಟ್ಟಣ ಬಿದ್ದಾಗ ಹೊರಬಂದ. ಟೀಪುವಿನ ದಂಡು ಚದುರಿ ಹೋಗಿ ಸಂಬಳವಿಲ್ಲದೆ ಅಲೆಯುತ್ತಿದ್ದ ಸವಾರರು ಅವನ ಹಿಂದೆ ಸೇರಿದರು. ತನ್ನನ್ನು ತಾನು ಉಭಯ ಲೋಕಾಧೀಶ್ವರ ಎಂದು ಕರೆದುಕೊಂಡ. 1800ರ ಜೂನ್ ಕೊನೆಯಲ್ಲಿ ಕಿತ್ತೂರಿನ ಹತ್ತಿರ ಪೇಶ್ವೆಯ ಸರದಾರ ಧೋಂಡೋಪಂತ ಗೋಖಲೆಯನ್ನು ಕೊಂದ. ಸೆಪ್ಟೆಂಬರ್ 10ರಂದು ಆರ್ಥರ್ ವೆಲ್ಲೆಸ್ಲಿಯ ಸೈನ್ಯದೆದುರು ತಾನೂ ಬಿದ್ದ. ವೆಲ್ಲೆಸ್ಲಿಯ ಪತ್ರಗಳಲ್ಲಿ ನಮ್ಮ ಹಳಿಯಾಳದ ಕೋಟೆಯ ಹೆಸರು ಬರುವುದು ಆ ಕಾಲದಲ್ಲೇ. ಧೋಂಡಿಯಾನನ್ನು ಇಂದು ಯಾರೂ ತಮ್ಮವನೆನ್ನುವ ಉಮೇದಿನಲ್ಲಿಲ್ಲ. ಹುಟ್ಟಿನಿಂದ ಮರಾಠ, ಸೆರೆಯಲ್ಲಿ ಮುಸ್ಲಿಮ. ಒಂದು ಕಡೆಯವರಿಗೆ ಅವನು ಪೂರ್ತಿ ದಕ್ಕುವುದಿಲ್ಲ, ಇನ್ನೊಂದು ಕಡೆಯವರಿಗೆ ಪೂರ್ತಿ ಬೇಕಾಗಿಲ್ಲ. ಹಾಗಾಗಿ ಅವನ ದಂಗೆಯ ಕಾರಣವನ್ನು ಅವನ ಮಹತ್ವಾಕಾಂಕ್ಷೆ ಎಂಬ ಒಂದು ಪದದಲ್ಲಿ ಮುಗಿಸಿಬಿಡುತ್ತಾರೆ. ಒಬ್ಬ ಮನುಷ್ಯನ ಮಹತ್ವಾಕಾಂಕ್ಷೆಗೆ ಸಾವಿರಾರು ಜನ ಸಾಯಲು ಯಾಕೆ ಬರುತ್ತಾರೆ? ಒಂದು ರಾಜ್ಯ ಬಿದ್ದಾಗ ಅದರ ದಂಡಿನಿಂದ ಅನ್ನ ತಿನ್ನುತ್ತಿದ್ದವರು ಎಲ್ಲಿಗೆ ಹೋಗಬೇಕೆಂದು ಗೆದ್ದವರು ಯೋಚಿಸಿರಲಿಲ್ಲ ಎಂಬಲ್ಲಿ ಇದಕ್ಕೆ ಉತ್ತರವಿದೆ.

ಕಿತ್ತೂರಿನ ಕಥೆ ಎಲ್ಲರಿಗೂ ಗೊತ್ತು, ಹಾಗೆಂದೇ ಅದರ ಬಗ್ಗೆ ಜಾಗರೂಕತೆ ಬೇಕು. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ, ಖಜಾನೆಗೆ ಮೊಹರು ಹಾಕಿಸಿದ. ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಬಾಗಿಲಲ್ಲಿ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕೊನೆಯುಸಿರೆಳೆದಳು. ಇದನ್ನು ಹೇಳುವಾಗ ನಮ್ಮ ಎಷ್ಟೋ ಭಾಷಣಕಾರರು ಡಾಲ್‌ಹೌಸಿಯ 'ದತ್ತು ಮಕ್ಕಳಿಗೆ ಹಕ್ಕಿಲ್ಲ' ಎಂಬ ನೀತಿಯ ಮಾತೆತ್ತುತ್ತಾರೆ. ಡಾಲ್‌ಹೌಸಿ ಈ ದೇಶಕ್ಕೆ ಬಂದದ್ದು 1848ರಲ್ಲಿ. ಚೆನ್ನಮ್ಮ ತೀರಿಕೊಂಡು ಹತ್ತೊಂಬತ್ತು ವರ್ಷವಾಗಿತ್ತು. ನರಗುಂದದ ಬಾಬಾಸಾಹೇಬನ ಕಾರಣವನ್ನು ತಂದು ಕಿತ್ತೂರಿನ ಚೆನ್ನಮ್ಮನಿಗೆ ಉಡಿಸಿದ್ದೇವೆ ಎಂದರೂ ಸರಿಯೇ.

ಇದಕ್ಕಿಂತ ದೊಡ್ಡ ಎರವಲು ಸಿನಿಮಾದ್ದು. 1961ರಲ್ಲಿ ಬಿ.ಆರ್. ಪಂತುಲು 'ಕಿತ್ತೂರು ಚೆನ್ನಮ್ಮ' ತೆಗೆದರು. ಬಿ. ಸರೋಜಾದೇವಿಯವರು ಕಪ್ಪ ಕೇಳಲು ಬಂದವನ ಮುಂದೆ ಸಿಡಿದು ಆಡುವ ಮಾತುಗಳು ನಾಲ್ಕೈದು ತಲೆಮಾರಿನ ಶಾಲಾ ಮಕ್ಕಳಿಗೆ ಬಾಯಿಪಾಠ. ಗ್ಯಾದರಿಂಗಿನಲ್ಲಿ ಆ ಮಾತುಗಳಿಲ್ಲದೆ ಹಳಿಯಾಳದಲ್ಲಾಗಲಿ ಮುಂಡಗೋಡದಲ್ಲಾಗಲಿ ಶಾಲೆಯ ವರ್ಷ ಮುಗಿಯುತ್ತಿರಲಿಲ್ಲ. ಆದರೆ ಅದಕ್ಕೆ ಎರಡು ವರ್ಷ ಮುಂಚೆ, 1959ರಲ್ಲಿ, ಇದೇ ಪಂತುಲು ತಮಿಳಿನಲ್ಲಿ 'ವೀರಪಾಂಡ್ಯ ಕಟ್ಟಬೊಮ್ಮನ್' ತೆಗೆದಿದ್ದರು. ಅಲ್ಲಿ ಶಿವಾಜಿ ಗಣೇಶನ್ ತೆರಿಗೆಯ ಬಗ್ಗೆ ಗುಡುಗುವ ಮಾತು ಇದಕ್ಕಿಂತ ಹೆಚ್ಚು ಪ್ರಸಿದ್ಧ. ಕಟ್ಟಬೊಮ್ಮನಿಗೂ ಕಂಪನಿಗೂ 1799ರಲ್ಲಿ ಬಿದ್ದ ಜಗಳ ಬಾಕಿ ಕಪ್ಪದ್ದೇ, ಆದ್ದರಿಂದ ಅಲ್ಲಿ ಆ ಮಾತು ಒಪ್ಪುತ್ತದೆ. ಕಿತ್ತೂರಿನ ಜಗಳ ದತ್ತಕದ್ದು ಮತ್ತು ಖಜಾನೆಯ ಬೀಗದ್ದು. ತಮಿಳುನಾಡಿನ ಪಾಳೆಯಗಾರನ ಸಬಬು ಕಿತ್ತೂರಿನ ರಾಣಿಯ ಬಾಯಿಗೆ ಬಂದು ಕೂತಿತು. ಸಿನಿಮಾ ಒಳ್ಳೆಯದು, ಮಾತೂ ಒಳ್ಳೆಯದು. ಇತಿಹಾಸವೆಂದು ಮಾತ್ರ ಅದನ್ನು ಓದಬಾರದು.

ಯಾಕೆ ಓದಬಾರದೆಂದರೆ, ದತ್ತಕದ ಜಗಳ ಅರಮನೆಯ ಜಗಳ. ಆ ಜಗಳಕ್ಕೆ ಊರ ಕಾವಲುಗಾರ ಯಾಕೆ ಪ್ರಾಣ ಕೊಟ್ಟ ಎಂಬುದನ್ನು ಅದು ಹೇಳುವುದಿಲ್ಲ. ಸಂಗೊಳ್ಳಿ ರಾಯಣ್ಣನ ಕಡೆಗೆ ತಿರುಗಿದರೆ ಅದು ಕಾಣುತ್ತದೆ. ರಾಯಣ್ಣ ಶೇತಸನದಿ. ಎಂದರೆ ಕಿತ್ತೂರ ದೊರೆಗೆ ಕಾವಲು-ಕಾದಾಟದ ಸೇವೆ ಸಲ್ಲಿಸಿ ಅದಕ್ಕೆ ಬದಲಾಗಿ ಹೊಲ ಉಣ್ಣುವವನು. ಕಿತ್ತೂರು ಬಿದ್ದ ಮೇಲೆ ಸೇವೆ ಹೋಯಿತು, ಹೊಲದ ಮೇಲೆ ಕಂದಾಯ ಬಂತು, ಒಂದು ಪಾಲು ಕೈ ತಪ್ಪಿತು. ಸಂಗೊಳ್ಳಿಯ ಕುಲಕರ್ಣಿ ಕಂದಾಯದ ಬಾಕಿಗಾಗಿ ರಾಯಣ್ಣನ ತಾಯಿ ಕೆಂಚವ್ವನ ಬೆನ್ನ ಮೇಲೆ ಕಲ್ಲು ಹೇರಿಸಿ ನಿಲ್ಲಿಸಿದ ಎಂದು ಜನ ಹೇಳುತ್ತಾರೆ. ನಡೆಯಿತೋ ಇಲ್ಲವೋ ಎಂಬುದಕ್ಕಿಂತ ಜನ ದಂಗೆಯ ಕಾರಣವನ್ನು ಎಲ್ಲಿ ಇಟ್ಟಿದ್ದಾರೆ ಎಂಬುದು ಗಮನಿಸಬೇಕಾದದ್ದು. ಅರಮನೆಯ ದತ್ತಕದಲ್ಲಿ ಇಡಲಿಲ್ಲ, ಊರ ಚಾವಡಿಯಲ್ಲಿ ಇಟ್ಟರು. 1830ರ ಆರಂಭದಲ್ಲಿ ರಾಯಣ್ಣ ಮತ್ತು ಅವನ ಜನ ಬೀಡಿ, ಸಂಪಗಾವಿ, ಖಾನಾಪುರಗಳ ಕಡೆ ಸುಟ್ಟದ್ದು ಸರಕಾರಿ ಕಚೇರಿಗಳನ್ನು. ಅಂದರೆ ಕಂದಾಯದ ದಫ್ತರುಗಳನ್ನು. ಬಾಯಲ್ಲಿ ದತ್ತುಪುತ್ರ ಶಿವಲಿಂಗಪ್ಪನ ಹೆಸರು, ಕೈಯಲ್ಲಿ ದಫ್ತರಿಗೆ ಬೆಂಕಿ. ಸಬೂಬು ಮತ್ತು ಸಬಬು ಅಕ್ಕಪಕ್ಕ ಹೀಗೆ ನಿಲ್ಲುವುದು ಅಪರೂಪ. ಆ ವರ್ಷವೇ ಹಿಡಿದು ಕೊಟ್ಟರು, 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಹಿಡಿದುಕೊಟ್ಟವರೂ ಸುತ್ತಲಿನ ಗೌಡರೇ. ಅವನ ಸಂಗಡಿಗರಲ್ಲಿ ಗಜವೀರನೆಂಬ ಸಿದ್ದಿಯೊಬ್ಬನಿದ್ದ ಎಂದು ಜನಪದ ನೆನಪಿಟ್ಟುಕೊಂಡಿದೆ.

ಇಲ್ಲಿ ಲಾವಣಿಕಾರರನ್ನು ಹೊಗಳದೆ ಮುಂದೆ ಹೋಗಲಾಗದು. ಮುಂಬಯಿ ಇಲಾಖೆಯ ಅಧಿಕಾರಿ ಜೆ.ಎಫ್. ಫ್ಲೀಟ್ ಸಂಗ್ರಹಿಸಿ 1885ರಿಂದ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಅಚ್ಚು ಮಾಡಿದ ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣನದು ಇದೆ, ಹಲಗಲಿಯ ಬೇಡರದು ಇದೆ, ಇವುಗಳ ಪಕ್ಕದಲ್ಲಿಯೇ ಆದಾಯ ತೆರಿಗೆ ಬಂದದ್ದರ ಬಗ್ಗೆಯೂ ಒಂದಿದೆ. ಹಾಡುಗಾರನಿಗೆ ದಂಗೆಯೂ ತೆರಿಗೆಯೂ ಒಂದೇ ಗಂಟಿನಲ್ಲಿ ಕಟ್ಟುವ ಸಾಮಾನು. ಹಲಗಲಿಯವರು ಎದ್ದದ್ದಕ್ಕೆ ಲಾವಣಿ ಕಾರಣ ಹುಡುಕಿಕೊಂಡು ದಿಲ್ಲಿಗೆ ಹೋಗುವುದಿಲ್ಲ. 1857ರಲ್ಲಿ ಹತಾರು ಒಪ್ಪಿಸಬೇಕೆಂದು ಹುಕುಂ ಬಂತು. ಬೇಟೆ ಮತ್ತು ಕಾವಲಿನಿಂದ ಬದುಕುವ ಬೇಡನಿಗೆ ಹತಾರೇ ಹೊಲ, ಹತಾರೇ ಮಾನ. ಕೊಡುವುದಿಲ್ಲ ಎಂದರು. ನವೆಂಬರ್ ಕೊನೆಗೆ ದಂಡು ಬಂತು, ಊರು ಸುಟ್ಟಿತು, ಡಿಸೆಂಬರಿನಲ್ಲಿ ಹತ್ತೊಂಬತ್ತು ಜನರಿಗೆ ಗಲ್ಲಾಯಿತು. ಲಾವಣಿ ಅಸ್ಬಾಬಿನ ಎರಡೂ ಅರ್ಥವನ್ನು ಬಲ್ಲುದು. ಏನು ಕಳೆದುಕೊಂಡರು ಎಂದು ಹೇಳಿದರೆ ಯಾಕೆ ಎದ್ದರು ಎಂದು ಬೇರೆ ಹೇಳಬೇಕಾಗಿಲ್ಲ.

ನರಗುಂದದ ಬಗ್ಗೆ ಬಹಳ ಬರೆದಿದ್ದಾರೆ, ನಾವು ಎರಡೇ ಮಾತು ಹೇಳುತ್ತೇವೆ. 1858ರ ಮೇ 29ರಂದು ಸುರೇಬಾನದಲ್ಲಿ ಕೊಲೆಯಾದ ಮ್ಯಾನ್ಸನ್ ಇನಾಮ್ ಕಮಿಷನ್ನಿನಲ್ಲಿ ಕೆಲಸ ಮಾಡಿ ಜನರ ದ್ವೇಷ ಕಟ್ಟಿಕೊಂಡಿದ್ದವನು. ಮುಂಬಯಿ ಇಲಾಖೆಯಲ್ಲಿ 1852ರ ಕಾನೂನಿನ ನಂತರ ಇನಾಮುಗಳ ಸನದು ಕೇಳಿ ಕೇಳಿ ಸಾವಿರಾರು ಇನಾಮುಗಳನ್ನು ಕಿತ್ತುಕೊಂಡ ಕಮಿಷನ್ನದು. ಬಾಬಾಸಾಹೇಬನಿಗೆ ದತ್ತಕದ ಸಂಕಟವಿತ್ತು, ನಿಜ; ಅವನ ಹಿಂದೆ ಬಂದವರಿಗೆ ಸನದಿನ ಸಂಕಟವಿತ್ತು.

ಈಗ ಸೂಪಾಕ್ಕೆ ಬರೋಣ. 1858ರ ಮೊದಲಿಗೆ ಗೋವೆಯ ಗಡಿಯಲ್ಲಿ ಅಡಗಿದ್ದ ಸಾವಂತವಾಡಿಯ ಬಂಡುಕೋರರು ಸೂಪಾದ ಕಾಡಿಗೆ ಇಳಿದರು. ಗಡಿಯ ಠಾಣೆ-ನಾಕೆಗಳ ಮೇಲೆ ಬಿದ್ದರು. ದರ್ಶನಿಗುಡ್ಡ ಎಂಬ ಗುಡ್ಡವನ್ನು ಭದ್ರ ಮಾಡಿಕೊಂಡರು. ರಾಘೋಬಾ, ಚಿಂತೋಬಾ, ಶಾಂತಾ ಎಂಬ ಮೂವರು ಫಡ್ನೀಸ ಸೋದರರು ಅವರ ಮುಖಂಡರು. ಅವರ ಸರಿಸಮಕ್ಕೆ ಸಿದ್ದಿ ಬಾಸ್ಟಿಯನ್. ಕಾಡಿನೊಳಗೆ ಒಂದೂವರೆ ವರ್ಷ ಇವರನ್ನು ಹಿಡಿಯಲು ಇಂಗ್ಲಿಷರಿಗೆ ಆಗಲಿಲ್ಲ. 1859ರಲ್ಲಿ ಚಿಂತೋಬಾ ಮತ್ತು ಬಾಸ್ಟಿಯನ್ ಕಾದಾಟದಲ್ಲಿ ಸತ್ತರು, ಅಲ್ಲಿಗೆ ದಂಗೆ ಮುಗಿಯಿತು. ಪೋರ್ಚುಗೀಸರು ತಮಗೆ ಶರಣಾದ ಸಾವಂತವಾಡಿಯವರನ್ನು ದೂರದ ಟಿಮೋರ್ ದ್ವೀಪಕ್ಕೆ ಗಡೀಪಾರು ಮಾಡಿದರು. ಕ್ಯಾಂಪ್‌ಬೆಲ್ ಸಂಪಾದಿಸಿದ 1883ರ ಕೆನರಾ ಗೆಜೆಟಿಯರು ಇದಕ್ಕೆ ಕೊಟ್ಟ ಜಾಗ ಸ್ವಲ್ಪವೇ. ನಂತರ ಬಂದ ನಮ್ಮ ಸ್ವಾತಂತ್ರ್ಯ ಚರಿತ್ರೆಗಳು ಅದನ್ನೇ ತಿರುವಿ ಹಾಕಿ, ದರೋಡೆಕೋರ ಎಂಬಲ್ಲಿ ದೇಶಭಕ್ತ ಎಂದು ತಿದ್ದಿ ಮುಂದೆ ಹೋದವು. ಕಾರಣ ಮಾತ್ರ ಎರಡರಲ್ಲೂ ಇಲ್ಲ.

ನರಗುಂದದ ಕಾರಣ ಇಲ್ಲಿಗೆ ತಗಲುವುದಿಲ್ಲ. ಕೆನರಾ ಆಗ ಮದರಾಸು ಇಲಾಖೆಯಲ್ಲಿತ್ತು. ಉತ್ತರ ಕನ್ನಡ ಮುಂಬಯಿಗೆ ಸೇರಿದ್ದು 1862ರಲ್ಲಿ. ಮುಂಬಯಿಯ ಇನಾಮ್ ಕಾನೂನು ಸೂಪಾಕ್ಕೆ ಬಂದಿರಲಿಲ್ಲ. ದತ್ತು ತೆಗೆದುಕೊಳ್ಳಲು ಇಲ್ಲಿ ಅರಮನೆಯೂ ಇರಲಿಲ್ಲ. ಹಾಗಾದರೆ ಏನಿತ್ತು? ಒಂದು, ಹಿಂದಿನ ದಂಗೆಯ ಉಳಿಕೆ. 1844-45ರಲ್ಲಿ ಸಾವಂತವಾಡಿಯಲ್ಲಿ ದಂಗೆಯಾಗಿ, ಸೋತವರು ಗೋವೆಗೆ ಓಡಿ, ಹದಿಮೂರು ವರ್ಷ ಗಡಿಯಲ್ಲಿ ಕಾದಿದ್ದರು. ಇನ್ನೊಂದು ಕಾಡು. ಈ ಕಾಡಿನ ಸಾಗುವಾನಿಯ ಮೇಲೆ ಕಂಪನಿಯ ಕಣ್ಣು ಬಿದ್ದು ಅರ್ಧ ಶತಮಾನವಾಗಿತ್ತು. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬವನನ್ನು ಮಲಬಾರ್-ಕೆನರಾ ಕಾಡುಗಳ ಕನ್ಸರ್ವೇಟರ್ ಮಾಡಿ ಹಡಗು ಕಟ್ಟುವ ಮರವನ್ನೆಲ್ಲ ಸರಕಾರದ್ದೆಂದರು. ಜನರ ಕೂಗು ಹೆಚ್ಚಾಗಿ 1823ರಲ್ಲಿ ಆ ಏರ್ಪಾಡು ರದ್ದಾಯಿತು. ಮತ್ತೆ 1840ರ ದಶಕದಿಂದ ಹೊಸ ಹೆಸರಿನಲ್ಲಿ ಕಾಡಿನ ಇಲಾಖೆಗಳು ಬಂದವು, ಕುಮರಿ ಬೇಸಾಯದ ಮೇಲೆ ಒಂದೊಂದೇ ನಿರ್ಬಂಧ ಬಂದು 1860ರ ಹೊತ್ತಿಗೆ ಅದು ನಿಷೇಧದ ಬಾಗಿಲಿಗೆ ಬಂತು. ಗುಡ್ಡದ ಇಳಿಜಾರಿನಲ್ಲಿ ಕಡಿದು ಸುಟ್ಟು ರಾಗಿ ಬಿತ್ತುವವನಿಗೆ ಕುಮರಿಯೇ ಕಣಜ. ಫಡ್ನೀಸರ ಸಬೂಬು ಸಾವಂತವಾಡಿಯಲ್ಲಿತ್ತು. ಅವರಿಗೆ ಅಕ್ಕಿ ಕೊಟ್ಟು, ದಾರಿ ತೋರಿಸಿ, ಒಂದೂವರೆ ವರ್ಷ ಬಾಯಿ ಬಿಡದೆ ಅಡಗಿಸಿಟ್ಟವರ ಸಬಬು ಸೂಪಾದ ಕಾಡಿನಲ್ಲೇ ಇರಬೇಕು ಎಂಬುದು ನಮ್ಮ ಓದು.

ಬಾಸ್ಟಿಯನ್ನನ ಹೆಸರನ್ನೇ ನೋಡಿ. ನಮ್ಮ ಕಡೆಯ ಕೊಂಕಣಿಯಲ್ಲಿ ಅದು ಬಸ್ತ್ಯಾಂವ, ಪೋರ್ಚುಗೀಸರ ಸೆಬಾಸ್ತಿಯಾಂವ್. ಗೋವೆಯ ಇಗರ್ಜಿಯಲ್ಲಿ ಯಾರಿಗೋ ಇಟ್ಟ ಹೆಸರು ಘಟ್ಟ ಹತ್ತಿ ಬಂದಿದೆ. ಪೋರ್ಚುಗೀಸರು ಆಫ್ರಿಕೆಯಿಂದ ಗುಲಾಮರಾಗಿ ತಂದು ಗೋವೆಯಲ್ಲಿ ಮಾರಿದವರಲ್ಲಿ ತಪ್ಪಿಸಿಕೊಂಡು ಕಾಡು ಸೇರಿದವರ ಮಕ್ಕಳು ಮೊಮ್ಮಕ್ಕಳೇ ನಮ್ಮ ಸಿದ್ದಿಗಳಲ್ಲಿ ಬಹುಪಾಲು. ಪೋರ್ಚುಗೀಸರ ರಾಜ್ಯದಲ್ಲಿ ಗುಲಾಮಗಿರಿ ಕಾನೂನಿನಿಂದ ಹೋದದ್ದು 1869ರಲ್ಲಿ, ಬಾಸ್ಟಿಯನ್ ಸತ್ತು ಹತ್ತು ವರ್ಷದ ಮೇಲೆ. ಅವನಿಗೆ ಗಡಿಯ ಆಚೆ ಗುಲಾಮಗಿರಿಯಿತ್ತು, ಈಚೆ ಕಾಡಿನ ಕಾವಲುಗಾರನಿದ್ದ. ನಡುವೆ ಉಳಿದದ್ದು ದರ್ಶನಿಗುಡ್ಡ. ಫಡ್ನೀಸರಿಗೆ ಹೆಸರಿನ ಜೊತೆ ಒಂದು ಹುದ್ದೆಯಾದರೂ ಅಂಟಿಕೊಂಡಿದೆ. ಇವನಿಗೆ ಅಂಟಿರುವುದು ಜಾತಿ. ದೇಶಾಭಿಮಾನ ಎಂಬ ಒಂದೇ ಅಂಗಿಯನ್ನು ಇವನಿಗೂ ತೊಡಿಸಿದರೆ ಇವನು ಯಾವ ದೇಶವನ್ನು ಅಭಿಮಾನಿಸಬೇಕಾಗಿತ್ತು ಎಂಬ ಪ್ರಶ್ನೆ ಹುಟ್ಟುತ್ತದೆ. ಸ್ವಾತಂತ್ರ್ಯ ಎಂಬ ಪದಕ್ಕೆ ಬಾಬಾಸಾಹೇಬನಿಗಿಂತ ಇವನಿಗೆ ಹೆಚ್ಚು ಖಚಿತವಾದ ಅರ್ಥ ಗೊತ್ತಿರಬೇಕು.

ಹೀಗೆ ಸಾಲಾಗಿ ಇಟ್ಟು ನೋಡಿದಾಗ ಕಾಣುವ ಸಂಗತಿಯೊಂದಿದೆ. ಮೇಲಿನ ನೆಪ ದಂಗೆಯಿಂದ ದಂಗೆಗೆ ಬೇರೆ, ಆದರೆ ಪ್ರತಿ ದಂಗೆಯ ಬೆನ್ನಲ್ಲಿ ಹಿಂದಿನ ದಂಗೆಯ ಲೆಕ್ಕ ಚುಕ್ತಾ ಆಗದೆ ಉಳಿದಿದೆ. ಶ್ರೀರಂಗಪಟ್ಟಣದ ಸವಾರರಿಂದ ಧೋಂಡಿಯಾ, ಕಿತ್ತೂರಿನ ಶೇತಸನದಿಗಳಿಂದ ರಾಯಣ್ಣ, 1844ರ ಸಾವಂತವಾಡಿಯಿಂದ 1858ರ ಸೂಪಾ. ಇದು ನಮ್ಮಲ್ಲಿ ಮಾತ್ರ ಹೀಗೆ ಎಂದಲ್ಲ. ಫ್ರಾನ್ಸಿನಲ್ಲಿ 1789, 1830, 1848, 1871 ಎಂದು ನಾಲ್ಕು ಬಾರಿ ಜನ ಬೀದಿಗಿಳಿದರು. 1830ರಲ್ಲಿ ಪತ್ರಿಕೆಗಳ ಬಾಯಿ ಮುಚ್ಚುವ ಸುಗ್ರೀವಾಜ್ಞೆ, 1848ರಲ್ಲಿ ಒಂದು ಔತಣಕೂಟದ ಮೇಲಿನ ನಿಷೇಧ, 1871ರಲ್ಲಿ ಮೊಂಮಾರ್ತ್ ಗುಡ್ಡದ ತೋಪುಗಳನ್ನು ಕೊಂಡೊಯ್ಯಲು ಬಂದ ಸೈನ್ಯ. ಸಬೂಬುಗಳು ಇಷ್ಟು ಚಿಕ್ಕವು. ಔತಣದ ಹಿಂದೆ 1846-47ರ ಬೆಳೆನಾಶ ಮತ್ತು 1830ರಲ್ಲಿ ಬೀದಿಯಲ್ಲಿ ರಕ್ತ ಕೊಟ್ಟರೂ ಮತ ಸಿಗದವರ ಸಿಟ್ಟು ಇತ್ತು. ಫ್ರಾನ್ಸಿನವರೆಗೆ ಯಾಕೆ, ಮುಂಡಗೋಡದ ಟಿಬೇಟಿಯನ್ನರ ಕಾಲನಿಗೆ ಹೋಗಿ ಬಂದರೆ ಸಾಕು. ಅದು ಶುರುವಾದದ್ದು 1966ರಲ್ಲಿ. ಅಲ್ಲಿನ ಹಿರಿಯರು 1959ರ ಮಾರ್ಚಿನ ಲ್ಹಾಸಾ ದಂಗೆಯ ನಂತರ ಊರು ಬಿಟ್ಟವರು. ಆ ದಂಗೆಗೆ ಸಬೂಬು ಒಂದು ನಾಟ್ಯ ಪ್ರದರ್ಶನ. ಚೀನೀ ಸೇನೆಯ ಬಿಡಾರಕ್ಕೆ ದಲಾಯಿ ಲಾಮಾರನ್ನು ಆಟ ನೋಡಲು ಕರೆದಿದ್ದರು. ಸಬಬು ಮೂರು ವರ್ಷ ಹಿಂದಿನದು. 1956ರಲ್ಲಿ ಪೂರ್ವದ ಖಾಮ್ ಪ್ರಾಂತದಲ್ಲಿ ಎದ್ದು, ಸೋತು, ಲ್ಹಾಸಾಕ್ಕೆ ಬಂದು ತುಂಬಿಕೊಂಡಿದ್ದ ಜನ. ಸೂಪಾದ ದಂಗೆ ಮುಗಿದ ಸರಿಯಾಗಿ ನೂರು ವರ್ಷಕ್ಕೆ ನಡೆದ ಇನ್ನೊಂದು ದಂಗೆಯ ಉಳಿಕೆ ನಮ್ಮ ನೆರೆಯಲ್ಲಿ ಬಂದು ಜೋಳ-ಭತ್ತ ಬೆಳೆಯಿತು.

ಇಪ್ಪತ್ತನೆಯ ಶತಮಾನಕ್ಕೆ ಬಂದಾಗ ಒಂದು ಕುತೂಹಲದ ಸಂಗತಿ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯಲ್ಲಿ ಉಪ್ಪು ಮಾಡಿದರು. ನಂತರ ಕಾಡಿನ ಸತ್ಯಾಗ್ರಹ, 1932ರಲ್ಲಿ ಕರನಿರಾಕರಣೆ. ಅಂಕೋಲೆ, ಸಿರ್ಸಿ, ಸಿದ್ದಾಪುರಗಳ ಹೆಸರು ದೇಶಕ್ಕೆಲ್ಲ ಕೇಳಿಸಿತು. ಎಪ್ಪತ್ತು ವರ್ಷ ಹಿಂದೆ ಕೋವಿ ಹಿಡಿದ ಸೂಪಾದ ಹೆಸರು ಆ ಪಟ್ಟಿಯ ತಲೆಯಲ್ಲಿಲ್ಲ. ಅಲ್ಲಿನವರ ದೇಶಾಭಿಮಾನ ಬತ್ತಿ ಹೋಯಿತೇ? ಅಡಿಕೆಯ ಬೆಲೆ ಕುಸಿದು, ಸೊಪ್ಪಿನ ಬೆಟ್ಟದ ಹಕ್ಕಿಗೆ ಕುತ್ತು ಬಂದು, ಕಂದಾಯ ಕಟ್ಟಲಾಗದ ತೋಟಿಗರು ಸಿದ್ದಾಪುರದಲ್ಲಿ ಎದ್ದರು. ಕರ ಕೊಡುವುದಿಲ್ಲ ಎನ್ನಲು ಮೊದಲು ಕರ ಕಟ್ಟುವ ಭೂಮಿ ಇರಬೇಕು. ಸೂಪಾದ ಕುಣಬಿಗೆ, ಗೌಳಿಗೆ, ಹಳಿಯಾಳದ ಸಿದ್ದಿಗೆ ಆ ಹೊತ್ತಿಗೆ ಕಾಡೂ ಇರಲಿಲ್ಲ, ಪಟ್ಟೆಯೂ ಇರಲಿಲ್ಲ. 1878ರ ಅರಣ್ಯ ಕಾನೂನು ಬಂದಾಗಿತ್ತು. ಮರುವರ್ಷ ಭಾಸ್ಕರಪ್ಪ ಎಂಬವರು ಉತ್ತರ ಕನ್ನಡದ ಕಲೆಕ್ಟರನ ಮೇಲೆ ಕಾಡಿನ ಹಕ್ಕಿಗಾಗಿ ಹೂಡಿದ ದಾವೆ ಮುಂಬಯಿ ಹೈಕೋರ್ಟಿನಲ್ಲಿ ಸೋತಿತ್ತು. ವಕೀಲರನ್ನಿಡಬಲ್ಲ ಉಳ್ಳವನೇ ಸೋತ ಮೇಲೆ ಕುಣಬಿಯ ಪಾಡೇನು? ದಂಗೆ ಏಳದಿರುವುದಕ್ಕೂ ಸಬಬು ಇರುತ್ತದೆ. ಅದನ್ನು ಬರೆದ ಪುಸ್ತಕ ನಮ್ಮಲ್ಲಿ ವಿರಳ.

ಕಾದಂಬರಿಕಾರರಲ್ಲಿ ನಿರಂಜನರು ಈ ಮಾತಿಗೆ ಹೊರತು. ಕಯ್ಯೂರಿನ ಬಗ್ಗೆ 1955ರಲ್ಲಿ ಬಂದ 'ಚಿರಸ್ಮರಣೆ'ಯಲ್ಲಿ ಜಮೀನುದಾರನ ಕೊಳಗ, ಸಾಲದ ಪುಸ್ತಕ, ಶಾಲೆಯ ಮಾಸ್ತರ ಎಲ್ಲ ಬಂದು ಕೂತ ಮೇಲೆಯೇ ಕೆಂಬಾವುಟ ಬರುತ್ತದೆ. 1837ರ ಸುಳ್ಯ-ಪುತ್ತೂರುಗಳ ದಂಗೆಯ ಬಗ್ಗೆ 'ಕಲ್ಯಾಣಸ್ವಾಮಿ' ಬರೆಯಲು ಅವರು ಹೊರಟದ್ದೂ ಅದೇ ಮನಸ್ಸಿನಿಂದ. ಅಲ್ಲಿನ ಸಬಬು ಒಂದೇ ಮಾತಿನಲ್ಲಿದೆ: ಕಂದಾಯವನ್ನು ಧಾನ್ಯದಲ್ಲಿ ಕೊಡುತ್ತಿದ್ದವರನ್ನು ನಗದು ಕೇಳಿದರು. ನಮ್ಮ ಹಳಿಯಾಳ-ಸೂಪಾಕ್ಕೆ ಇಂಥ ಕಾದಂಬರಿಕಾರ ಸಿಗಲಿಲ್ಲ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು, ನಮ್ಮಂಥ ಎಷ್ಟೋ ಕಥೆಗಾರರಿಗೆ ಅದು ಬಾಗಿಲು ತೆರೆಯಿತು. ಮರುವರ್ಷ ಜುಲೈಯಲ್ಲಿ ನರಗುಂದದಲ್ಲಿ ಎರಡನೆಯ ಬಂಡಾಯ, ಮಲಪ್ರಭಾ ಕಾಲುವೆಯ ಅಭಿವೃದ್ಧಿ ಕರದ ವಿರುದ್ಧ. ಆಗ ಯಾರೂ ಅದನ್ನು ದೇಶಾಭಿಮಾನವೆನ್ನಲಿಲ್ಲ. ಕರ ಎಂದೇ ಕರೆದರು. ಸ್ವತಂತ್ರ ಸರಕಾರದ ವಿರುದ್ಧ ಎದ್ದಾಗ ಕಾರಣ ನಮಗೆ ಚೆನ್ನಾಗಿ ಕಾಣಿಸುತ್ತದೆ, ಪರಕೀಯರ ವಿರುದ್ಧ ಎದ್ದಾಗ ಕಾಣಿಸುವುದಿಲ್ಲ ಎಂಬುದು ವಿಚಿತ್ರವಲ್ಲವೇ?

ಇದು ಹಳೆಯ ಕಾಲದ ತಕರಾರು ಮಾತ್ರವಾಗಿದ್ದರೆ ಇಷ್ಟು ಉದ್ದ ಬರೆಯಬೇಕಾಗಿರಲಿಲ್ಲ. ಒಂದೇ ಕಾರಣದ ಇತಿಹಾಸಕ್ಕೆ ಒಂದು ಅನುಕೂಲವಿದೆ. ವೀರನನ್ನು ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದು. 2020ರ ಆಗಸ್ಟಿನಲ್ಲಿ ಬೆಳಗಾವಿಯ ಪೀರನವಾಡಿಯಲ್ಲಿ ರಾಯಣ್ಣನ ಪ್ರತಿಮೆಗಾಗಿ ಭಾಷೆಯ ಹೆಸರಿನಲ್ಲಿ ಬೀದಿ ಜಗಳವಾಯಿತು. ಹೊಲ ಕಳೆದುಕೊಂಡ ಶೇತಸನದಿಯ ಪ್ರತಿಮೆಯಡಿ ಹೊಲದ ಮಾತೇ ಬರಲಿಲ್ಲ. ಕಾರಣವನ್ನು ತೆಗೆದುಹಾಕಿದ ವೀರ ಜಾತಿಗೋ ಧರ್ಮಕ್ಕೋ ಭಾಷೆಗೋ ಸಲೀಸಾಗಿ ಒಗ್ಗುತ್ತಾನೆ. ಸಿದ್ದಿಗಳಲ್ಲಿ ಹಳಿಯಾಳದ ಕಡೆ ಮುಸ್ಲಿಮರು ಹೆಚ್ಚು, ಯಲ್ಲಾಪುರದ ಕಡೆ ಹಿಂದೂಗಳು, ಹಳಿಯಾಳ-ಮುಂಡಗೋಡಗಳಲ್ಲಿ ಕ್ರೈಸ್ತರೂ ಇದ್ದಾರೆ. ಬಾಸ್ಟಿಯನ್ನನ್ನು ಹಂಚಿಕೊಳ್ಳಲು ಹೊರಟರೆ ಅವನೂ ಮೂರು ಪಾಲಾಗಬೇಕಾದೀತು. ಅವನ ಸಬಬನ್ನು ಹುಡುಕಿದರೆ ಮೂವರಿಗೂ ಅದು ಒಂದೇ.

ಕಾಡಿನ ಲೆಕ್ಕವಂತೂ 1947ರಲ್ಲಿ ಚುಕ್ತಾ ಆಗಲಿಲ್ಲ. 1955ರಲ್ಲಿ ದಾಂಡೇಲಿಗೆ ಕಾಗದದ ಗಿರಣಿ ಬಂತು, ಕಾಡಿನ ಬಿದಿರು ಅತ್ತ ಹೋಯಿತು. ಬುಟ್ಟಿ ಹೆಣೆಯುವ ಮೇದಾರರ ದೂರಿನಿಂದಲೇ ಮಾಧವ ಗಾಡ್ಗೀಳರು 1970ರ ದಶಕದಲ್ಲಿ ಈ ಜಿಲ್ಲೆಯ ಬಿದಿರಿನ ಅಧ್ಯಯನಕ್ಕೆ ತೊಡಗಿದರು. ಗಿರಣಿ ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿತೆಂಬುದೂ ನಿಜ, ಅದರಲ್ಲಿ ನಮ್ಮ ಜನರ ಮನೆಗಳೂ ಬಹಳ. ಕಾಳಿ ನದಿಗೆ 101 ಮೀಟರ್ ಎತ್ತರದ ಆಣೆಕಟ್ಟು ಕಟ್ಟಿ 1987ರ ಹೊತ್ತಿಗೆ ಹಳೆಯ ಸೂಪಾ ಊರು ನೀರಿನಲ್ಲಿ ಮುಳುಗಿತು. ಅಲ್ಲಿನವರನ್ನು ರಾಮನಗರಕ್ಕೆ ಎತ್ತಿ ಹಾಕಿದರು, ತಾಲ್ಲೂಕಿನ ಕಚೇರಿ ಜೋಯಿಡಾಕ್ಕೆ ಹೋಯಿತು. 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು, 2015ರಲ್ಲಿ ಅದಕ್ಕೆ ಕಾಳಿಯ ಹೆಸರಿಟ್ಟರು. ಸಿದ್ದಿಗಳು ಪರಿಶಿಷ್ಟ ಪಂಗಡವೆಂದು ಪಟ್ಟಿಯಾದದ್ದು 2003ರಲ್ಲಿ. ಜೋಯಿಡಾದ ಕುಣಬಿಗಳು ಆ ಪಟ್ಟಿಗಾಗಿ ವರ್ಷಗಟ್ಟಲೆ ಧರಣಿ ಕೂತಿದ್ದಾರೆ.

ಪಟ್ಟಿಯಲ್ಲಿ ಇಲ್ಲದವರು 2006ರ ಅರಣ್ಯ ಹಕ್ಕು ಕಾಯ್ದೆಯಡಿ ಒಂದು ತುಂಡು ನೆಲಕ್ಕೆ ಅರ್ಜಿ ಹಾಕಬೇಕಾದರೆ ಎಪ್ಪತ್ತೈದು ವರ್ಷ ಇದೇ ಕಾಡಿನಲ್ಲಿದ್ದೆವು ಎಂದು ತೋರಿಸಬೇಕು. ಇನಾಮ್ ಕಮಿಷನ್ ಕೇಳಿದಂತೆಯೇ ಸನದು ಕೇಳುತ್ತಾರೆ. ಇಲ್ಲದ ಕಾಗದಕ್ಕಾಗಿ ಗೌಳಿ ಮುದುಕರು ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ. ಆದರೆ ಆ ಕಾಯ್ದೆಯ ನಿಯಮಗಳಲ್ಲಿ, 13ನೆಯ ನಿಯಮದಲ್ಲಿ, ಯಾವುದನ್ನೆಲ್ಲ ಪುರಾವೆಯಾಗಿ ಒಪ್ಪಬಹುದು ಎಂದು ಬರೆದಿದ್ದಾರೆ. ಜನಗಣತಿ ಇದೆ, ನಕ್ಷೆ ಇದೆ, ಹಿರಿಯರ ಹೇಳಿಕೆ ಇದೆ, ಗೆಜೆಟಿಯರೂ ಇದೆ. 1859ರಲ್ಲಿ ಸೂಪಾದ ಕಾಡಿನಲ್ಲಿ ಸಿದ್ದಿ ಬಾಸ್ಟಿಯನ್ ಎಂಬವನೊಬ್ಬನಿದ್ದ ಎಂದು 1883ರ ಕೆನರಾ ಗೆಜೆಟಿಯರಿನಲ್ಲಿ ಅಚ್ಚಾಗಿದೆ. ಅವನನ್ನು ದರೋಡೆಕೋರರ ಸಾಲಿನಲ್ಲಿ ನಿಲ್ಲಿಸಿದ ಆ ಪುಟವನ್ನು ಅರ್ಜಿಯ ಜೊತೆ ಲಗತ್ತಿಸಬಹುದು.